ಕ್ರಾಂಜಿಯ ಕಂಬದಲ್ಲಿ ಅವ್ವನ ಸೋದರಮಾವ

ಪ್ರತಿ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ನಮ್ಮ ಅಜ್ಜಿ ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಬಾಳೆಎಲೆ ಹಾಸುತ್ತಿದ್ದರು. ತಂದೆ, ತಾಯಿ, ಗಂಡ, ಹುಟ್ಟಿ ಹತ್ತೇ ದಿನಕ್ಕೆ ಕಣ್ಣುಮುಚ್ಚಿದ ಮಗು, ಎಲ್ಲರ ಹೆಸರೂ ಬರುತ್ತಿತ್ತು. 1941ರಲ್ಲಿ ಪಲ್ಟನ್ನಿನ ಜೊತೆ ಸಮುದ್ರ ದಾಟಿ ಹೋದ ಅಣ್ಣನ ಹೆಸರು ಮಾತ್ರ ಬರುತ್ತಿರಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಷ್ಯಕ್ಕೆ ಕೇಡು ಎಂದು ಅವರು ನಂಬಿದ್ದರು. ಅಜ್ಜಿ 2009ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಅಣ್ಣ ಎಲ್ಲಾದರೂ ಬದುಕಿದ್ದರೆ ತೊಂಬತ್ತು ವರ್ಷದ ಮುದುಕರಾಗಿರುತ್ತಿದ್ದರು, ಆದರೂ ಅಜ್ಜಿ ಕೊನೆಯ ವರ್ಷದ ಎಡೆಯಲ್ಲೂ ಅವರ ಹೆಸರು ಹೇಳಲಿಲ್ಲ.

ಎಲೆ ಹಾಸುವ ಕೆಲಸ ಅವ್ವನ ಪಾಲಿಗೆ ಬಂದ ಮೇಲೆ ಅವಳು ಒಂದು ದಿನ ನನ್ನನ್ನು ಕರೆದು, 'ಮಾವನದ್ದು ಏನಾಯ್ತು ಅಂತ ಒಂದು ಸಲ ನೋಡು ಮಗಾ, ನಾನೂ ಹಿಂಗೇ ಬಿಟ್ಟು ಹೋದರೆ ಆಮೇಲೆ ಕೇಳೋರು ಯಾರೂ ಇರಲ್ಲ' ಎಂದಳು. ತನ್ನ ಸೋದರಮಾವನನ್ನು ಅವಳು ಕಂಡವಳಲ್ಲ, ಅವರು ಹೋದ ಏಳು ವರ್ಷಕ್ಕೆ ಹುಟ್ಟಿದವಳು. ನಾನು ಹುಡುಕಾಟಕ್ಕೆ ಇಳಿದದ್ದು ಹೀಗೆ. ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದ ಕೆಲಸ ಆರು ವರ್ಷ ಹಿಡಿಯಿತು.

ಮನೆಯಲ್ಲಿ ಉಳಿದಿದ್ದ ಸಂಗತಿಗಳು ಮೂರೇ. ಅವರು ಮೈಸೂರು ಸಂಸ್ಥಾನದ ಪದಾತಿ ದಳದಲ್ಲಿದ್ದರು ಎಂಬುದು ಒಂದು. ಅವರು ಕಾಣೆಯಾಗಿದ್ದಾರೆ ಎಂದು ಯುದ್ಧದ ನಡುವೆ ಒಂದು ಕಾಗದ ಬಂದಿತ್ತು, ಅದನ್ನು ಓದಿ ಹೇಳಲು ಶಾನುಭೋಗರನ್ನು ಕರೆಸಬೇಕಾಯಿತು ಎಂಬುದು ಇನ್ನೊಂದು. ಆ ಕಾಗದ ಈಗಿಲ್ಲ. ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. 1946ರಲ್ಲಿ ಯುದ್ಧದಿಂದ ಮರಳಿದ ಪಕ್ಕದ ಊರಿನ ಸಿಪಾಯಿಯೊಬ್ಬರು ನಮ್ಮ ಮುತ್ತಜ್ಜಿಯ ಬಳಿ ಬಂದು, ನಿಮ್ಮ ಮಗನನ್ನು ರಂಗೂನಿನಲ್ಲಿ ಕಂಡಂತಾಯಿತು, ದೂರದಿಂದ ನೋಡಿದೆ, ಮಾತಾಡಿಸಲು ಆಗಲಿಲ್ಲ ಎಂದು ಹೇಳಿ ಹೋಗಿದ್ದರು. ಆ ಮನುಷ್ಯ ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಅಳುತ್ತಾ ಕೂತ ತಾಯಿಯ ಮುಂದೆ ಬರಿಗೈಯಲ್ಲಿ ನಿಲ್ಲಲಾರದೆ ಅಷ್ಟು ಹೇಳಿರಬೇಕು. ಆದರೆ ಆ ಒಂದು ಮಾತಿನ ಮೇಲೆ ನಮ್ಮ ಮನೆ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾದು ಕೂತಿತು.

ಆ ಮಾತಿನ ಹೊರೆಯನ್ನು ಎಲ್ಲರಿಗಿಂತ ಹೆಚ್ಚು ಹೊತ್ತವರು ಅವರ ಹೆಂಡತಿ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಕೂಡಿಕೆ ಮಾಡಿಕೊಡುವ ಪದ್ಧತಿ ಇತ್ತು, ಆಕೆಯ ತವರಿನವರು ಅದಕ್ಕೆ ಸಿದ್ಧರೂ ಇದ್ದರು. ಪಂಚಾಯ್ತಿಗೆ ಕೂತ ಹಿರಿಯರು ಕೇಳಿದ ಪ್ರಶ್ನೆ ಒಂದೇ: ಸತ್ತಿದ್ದಾನೆ ಎಂಬುದಕ್ಕೆ ಗುರುತು ಏನು? ಕಾನೂನಿನ ಲೆಕ್ಕದಲ್ಲಿ ಇದಕ್ಕೊಂದು ದಾರಿ ಇದ್ದೇ ಇತ್ತು. ಒಬ್ಬ ಮನುಷ್ಯ ಬದುಕಿದ್ದರೆ ಯಾರಿಗೆ ಸಹಜವಾಗಿ ಅವನ ಸುದ್ದಿ ತಿಳಿಯಬೇಕೋ ಅವರಿಗೆ ಏಳು ವರ್ಷ ಯಾವ ಸುದ್ದಿಯೂ ಸಿಗದಿದ್ದರೆ, ಅವನು ಬದುಕಿದ್ದಾನೆಂದು ವಾದಿಸುವವರೇ ಅದನ್ನು ಸಾಬೀತುಪಡಿಸಬೇಕು ಎಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಹೇಳುತ್ತಿತ್ತು. ಈಗ ಅದೇ ವಿಚಾರ 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 111ನೇ ಕಲಂ ಆಗಿದೆ. ನಮ್ಮ ಮನೆಯಲ್ಲಿ ಆ ಏಳು ವರ್ಷದ ಎಣಿಕೆ ಶುರುವಾಗಲೇ ಇಲ್ಲ, ಏಕೆಂದರೆ ಸುದ್ದಿ ಬಂದಿತ್ತಲ್ಲ, ರಂಗೂನಿನಲ್ಲಿ ಕಂಡವರಿದ್ದರಲ್ಲ. ಆಕೆ ಕುಂಕುಮ ಅಳಿಸದೆ, ಇನ್ನೊಂದು ಮನೆಯನ್ನೂ ಸೇರದೆ, ಅಣ್ಣನ ಮನೆಯ ಕೊಟ್ಟಿಗೆ ಕೆಲಸದಲ್ಲಿ ಬದುಕು ಕಳೆದರು.

ಹುಡುಕಾಟದ ಆರಂಭದಲ್ಲಿ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ: ಹೆಸರು ಹಿಡಿದು ಹುಡುಕಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎಂಬ ಸಂಸ್ಥೆಯ ಪಟ್ಟಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. 1917ರಲ್ಲಿ ಸ್ಥಾಪನೆಯಾದ ಈ ಆಯೋಗ ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಮಡಿದ ಸುಮಾರು 17 ಲಕ್ಷ ಜನರ ಲೆಕ್ಕ ಇಟ್ಟಿದೆ. ಎರಡನೆಯ ಮಹಾಯುದ್ಧದಲ್ಲಿ ಮಡಿದ ಅವಿಭಜಿತ ಭಾರತದವರು ಅದರಲ್ಲಿ 87,000ಕ್ಕೂ ಹೆಚ್ಚು. ಪದವಿ, ಜನಾಂಗ, ಧರ್ಮಗಳ ಭೇದವಿಲ್ಲದೆ ಪ್ರತಿಯೊಬ್ಬನ ಹೆಸರನ್ನೂ ಉಳಿಸಬೇಕು ಎಂಬುದು ಅದರ ಮೂಲ ನಿಯಮ. ಆ ನಿಯಮ ಎಲ್ಲ ಕಡೆ ಪಾಲನೆಯಾಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತ, ಮುಖ್ಯವಾಗಿ ಪೂರ್ವ ಆಫ್ರಿಕಾ, ಈಜಿಪ್ಟ್ ಕಡೆಯ ಕನಿಷ್ಠ 1,16,000 ಜನರ ಹೆಸರು ಎಲ್ಲಿಯೂ ದಾಖಲಾಗಿಲ್ಲದೆ ಇರಬಹುದು ಎಂದು 2021ರಲ್ಲಿ ಆಯೋಗದ ವಿಶೇಷ ಸಮಿತಿಯೇ ವರದಿ ಮಾಡಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಹುಡುಕುತ್ತಿರುವ ಹೆಸರನ್ನು ಯಾರೂ ಬರೆದೇ ಇಟ್ಟಿರದಿದ್ದರೆ ಏನು ಮಾಡುವುದು?

ಬರೆದಿಟ್ಟಿದ್ದರೂ ಅದನ್ನು ಗುರುತಿಸುವುದು ಸುಲಭವಲ್ಲ. 'ಗೌಡ' ಎಂಬ ಎರಡಕ್ಷರವನ್ನು ಇಂಗ್ಲಿಷ್ ಬರೆಯುವ ಗುಮಾಸ್ತ ಗೌಡ, ಗವಡ, ಗೌಡು, ಗೋಡ ಎಂದು ಹೇಗೆ ಬೇಕಾದರೂ ಬರೆಯಬಲ್ಲ. ಹಿಂದೆ ಬರುವ ದೇವರ ಹೆಸರನ್ನು ಒಮ್ಮೆ ಕೂಡಿಸಿ ಬರೆದರೆ ಒಮ್ಮೆ ಒಡೆದು ಬರೆಯುತ್ತಾನೆ. ಊರಿನ ಹೆಸರಂತೂ ಅವನ ಕಿವಿಗೆ ಬಿದ್ದ ಹಾಗೆ. ನಾನು ಇಪ್ಪತ್ತಕ್ಕೂ ಹೆಚ್ಚು ರೀತಿಯಲ್ಲಿ ಹೆಸರು ತಿರುಗಿಸಿ ಹಾಕಿ ನೋಡಿ ಸೋತೆ.

ಆಮೇಲೆ ಹಳೆಯ ಸೈನಿಕ ದಾಖಲೆಗಳಿಗೆ ಸಂಬಂಧಿಸಿದ ಕಚೇರಿಯೊಂದಕ್ಕೆ ಪತ್ರ ಬರೆದೆ. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಮೊದಲ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಒಂದು ಪುಟದ ಉತ್ತರ ಬಂತು: ಈ ಹೆಸರಿನ ಸಿಪಾಯಿ ಸೇನಾ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಿದ್ದಾರೆ ಎಂದು, ದಿನಾಂಕ ಸಮೇತ. ನಾನು ಅದನ್ನು ಎರಡನೆಯ ಸಲ ಓದುವಷ್ಟೂ ತಾಳದೆ ಅವ್ವನಿಗೆ ಹೇಳಿಬಿಟ್ಟೆ. ಅವಳು ತಲೆಗೆ ಸ್ನಾನ ಮಾಡಿ, ಅಜ್ಜಿಯ ಫೋಟೋದ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತಿದ್ದಳು. ಒಂಬತ್ತನೆಯ ದಿನ ಸುಮ್ಮನೆ ಆ ಕಾಗದವನ್ನು ಮತ್ತೆ ಓದುವಾಗ, ತಂದೆಯ ಹೆಸರಿನ ಜಾಗದಲ್ಲಿ ಬೇರೆಯವರ ಹೆಸರು ಇದ್ದದ್ದು ಕಣ್ಣಿಗೆ ಬಿತ್ತು. ಅದೇ ಹೆಸರಿನ ಇನ್ನೊಬ್ಬರು ಅವರು, ಬೇರೆ ಊರು, ಬೇರೆ ದಳ. ಕಚೇರಿಯವರು ನೋಡದೆ ಕಳಿಸಿದ್ದು ತಪ್ಪು. ನಾನು ಓದದೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಅವ್ವನಿಗೆ ಮತ್ತೆ ಹೋಗಿ ಹೇಳಬೇಕಾಯಿತು. ಅವಳು ಬೈಯಲಿಲ್ಲ. 'ಹಂಗಾದ್ರೆ ಇನ್ನೂ ಗೊತ್ತಿಲ್ಲ ಅನ್ನು' ಎಂದಳು ಅಷ್ಟೇ. 1946ರಲ್ಲಿ ಪಕ್ಕದ ಊರಿನವರು ಮುತ್ತಜ್ಜಿಗೆ ಮಾಡಿದ್ದನ್ನೇ ನಾನು ನನ್ನ ಅವ್ವನಿಗೆ ಮಾಡಿದ್ದೆ. ಸಂಖ್ಯೆ, ತಂದೆಯ ಹೆಸರು, ಊರು ಈ ಮೂರರಲ್ಲಿ ಎರಡಾದರೂ ಕೂಡದೆ ಇನ್ನು ಯಾವ ಸುದ್ದಿಯನ್ನೂ ಮನೆಯೊಳಗೆ ತರುವುದಿಲ್ಲ ಎಂದು ಅಂದು ನಿಶ್ಚಯಿಸಿಕೊಂಡೆ.

ಸೈನಿಕನಿಗೆ ಹೆಸರಿಗಿಂತ ಸಂಖ್ಯೆ ಮುಖ್ಯ. 1968ರ ಫೆಬ್ರವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟು ರೋಹ್ತಾಂಗ್ ಬಳಿ ಕಣ್ಮರೆಯಾದ ವಾಯುಪಡೆಯ ಎಎನ್-12 ವಿಮಾನದಲ್ಲಿ 102 ಜನರಿದ್ದರು. 2024ರಲ್ಲಿ, 56 ವರ್ಷಗಳ ನಂತರ ಹಿಮದಡಿ ಸಿಕ್ಕ ನಾಲ್ವರಲ್ಲಿ ಒಬ್ಬರ ಗುರುತು ಹತ್ತಿದ್ದು ಅವರ ಮೈಮೇಲೆ ಉಳಿದಿದ್ದ ಪೇ-ಬುಕ್‌ನಿಂದ, ಅಂದರೆ ಸೈನಿಕನ ಸಂಬಳದ ಪುಸ್ತಕದಿಂದ. ನಮ್ಮವರ ಸಂಖ್ಯೆ ಎಲ್ಲಿಯಾದರೂ ಉಳಿದಿರಬಹುದೇ ಎಂದು ಅಜ್ಜಿಯ ತಗಡಿನ ಪೆಟ್ಟಿಗೆಯನ್ನು ಮತ್ತೆ ಬರಿದು ಮಾಡಿದೆ. ತಳದಲ್ಲಿ ಹಾಸಿದ್ದ ಹಳೆಯ ಪಂಚಾಂಗದ ಹಾಳೆಗಳ ಅಡಿಯಲ್ಲಿ ನಾಲ್ಕು ಮನಿಯಾರ್ಡರ್ ಕೂಪನ್ನುಗಳಿದ್ದವು.

ಒಂದೊಂದೂ ಅಂಗೈಯ ಅರ್ಧದಷ್ಟು. ಕಾಗದ ಒಣ ಎಲೆಯ ಬಣ್ಣಕ್ಕೆ ತಿರುಗಿತ್ತು. ಅಂಚೆಯ ಮುದ್ರೆಯಲ್ಲಿ ಊರಿನ ಹೆಸರಿರಲಿಲ್ಲ. ಸೇನೆ ಎಲ್ಲಿದೆ ಎಂಬುದು ಯಾರಿಗೂ ತಿಳಿಯಬಾರದೆಂದು ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಮಾತ್ರ ಹಾಕುತ್ತಿದ್ದರು. ಹಣ ಕಳಿಸಿದವರ ಹೆಸರಿನ ಮುಂದೆ ಕಾಪಿಯಿಂಗ್ ಪೆನ್ಸಿಲ್ಲಿನ ನೇರಳೆ ಅಕ್ಷರದಲ್ಲಿ ಸಿಪಾಯಿ ಸಂಖ್ಯೆ ಇತ್ತು. ಮೂರು ಕೂಪನ್ನುಗಳಲ್ಲಿ ನೀರು ತಾಗಿ ಸಂಖ್ಯೆ ಹರಡಿಹೋಗಿತ್ತು. ನಾಲ್ಕನೆಯದರಲ್ಲಿ ಕೊನೆಯ ಅಂಕೆಯೊಂದನ್ನು ಬಿಟ್ಟು ಉಳಿದವೆಲ್ಲ ಸ್ಪಷ್ಟವಾಗಿದ್ದವು, ಕೊನೆಯದು ಸರಿಯಾಗಿ ಮಡಿಕೆಯ ಮೇಲೆಯೇ ಬಿದ್ದಿತ್ತು. ಮೂರೋ ಎಂಟೋ ಹೇಳಲಾಗುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ, ಕಾಗದದ ಹಿಂದಿನಿಂದ ಟಾರ್ಚ್ ಹಾಕಿದೆ, ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿದೆ. ಮಡಿಕೆಯ ಎಡಬದಿಯಲ್ಲಿ ಕೂದಲೆಳೆಯಷ್ಟು ನೇರಳೆ ಗೆರೆ ಇತ್ತು; ಎಂಟು ಆಗಿದ್ದರೆ ಮಾತ್ರ ಅಲ್ಲಿ ಗೆರೆ ಬರಬೇಕು ಎಂದು ನನಗೆ ಅನ್ನಿಸಿತು. ಅನಿಸಿಕೆಯ ಮೇಲೆ ಮನೆ ಕಟ್ಟಬಾರದೆಂದು ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಸಂಖ್ಯೆಗಳನ್ನು ಆಯೋಗದ ಪಟ್ಟಿಯಲ್ಲಿ ಹುಡುಕಿದೆ. ಎಂಟಕ್ಕೆ ಒಂದು ಹೆಸರು ಬಂತು.

ಸಿಪಾಯಿ, ಒಂದನೆಯ ಮೈಸೂರು ಇನ್‌ಫಂಟ್ರಿ, ಇಂಡಿಯನ್ ಸ್ಟೇಟ್ಸ್ ಫೋರ್ಸಸ್ (ದೇಶೀಯ ಸಂಸ್ಥಾನಗಳ ಸೇನೆ). ಹೆಸರಿನಲ್ಲಿ ಒಂದಿಡೀ ಅಕ್ಷರ ಬಿಟ್ಟುಹೋಗಿತ್ತು. ಊರಿನ ಹೆಸರು ನಮ್ಮವರು ಯಾರೂ ಉಚ್ಚರಿಸಲಾರದ ಹಾಗಿತ್ತು. ತಂದೆಯ ಹೆಸರು ಮಾತ್ರ ಸರಿಯಾಗಿತ್ತು. ಅದರ ಕೆಳಗೆ, ಸಿಂಗಪುರ ಸ್ಮಾರಕ ಎಂದೂ ಕಂಬದ ಸಂಖ್ಯೆಯೂ ಇತ್ತು. ಸಂಖ್ಯೆಯೂ ತಂದೆಯ ಹೆಸರೂ ಕೂಡಿದ್ದವು. ಆದರೂ ನಾನು ಆ ದಿನ ಅವ್ವನಿಗೆ ಹೇಳಲಿಲ್ಲ. ಎರಡು ವಾರ ಬಿಟ್ಟು, ಆ ಸುತ್ತಿನ ಊರುಗಳ ಪಟ್ಟಿ ಹಿಡಿದು, ಆ ತಂದೆಯ ಹೆಸರಿನ ಇನ್ನೊಂದು ಮನೆ ಆ ಕಾಲದಲ್ಲಿ ಸೈನ್ಯಕ್ಕೆ ಹುಡುಗನನ್ನು ಕಳಿಸಿತ್ತೇ ಎಂದು ವಿಚಾರಿಸಿ, ಇಲ್ಲವೆಂದು ಖಾತ್ರಿಯಾದ ಮೇಲೆ ಹೇಳಿದೆ.

ಪಟ್ಟಿಯಲ್ಲಿ ಮರಣದ ದಿನಾಂಕವೂ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಗೆ ಸೇರಿದ್ದು. ಸಿಂಗಪುರ ಬಿದ್ದ ಎರಡು ವರ್ಷಗಳ ನಂತರದ ದಿನ ಅದು ಎಂದಷ್ಟೇ ಹೇಳುತ್ತೇನೆ. ಅಂದರೆ ಅವರು ಕಾಳಗದಲ್ಲಿ ಸಾಯದೆ ಸೆರೆಯಾಗಿದ್ದರು. ಈ ಒಂದು ಸಾಲಿನ ಅರ್ಥ ಬಿಡಿಸಲು ನಾನು ಮತ್ತೆ ಎರಡು ವರ್ಷ ಓದಬೇಕಾಯಿತು. 1941ರ ಡಿಸೆಂಬರ್ 8ರಂದು ಜಪಾನಿನ ಸೇನೆ ಮಲಯದ ಕೋಟ ಭಾರುವಿನಲ್ಲಿ ಇಳಿಯಿತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ಎರಡು ದಿನದ ನಂತರ ಫೆರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನೆಲ್ಲ ಸೇರಿಸಿ ಜಪಾನೀಯರ ವಶಕ್ಕೆ ಒಪ್ಪಿಸಿದರು. ಅಲ್ಲಿದ್ದವರು ಸುಮಾರು 45,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಂದ ದಾರಿ ಎರಡಾಗಿ ಒಡೆಯಿತು. ಒಂದು ದಾರಿ ಆಜಾದ್ ಹಿಂದ್ ಫೌಜ್‌ಗೆ ಹೋಯಿತು. ಸೇರದೆ ಉಳಿದವರಲ್ಲಿ ಸಾವಿರಾರು ಜನರನ್ನು ಹಡಗುಗಳಲ್ಲಿ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ ಮೊದಲಾದ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಆ ಹಡಗುಗಳಲ್ಲಿ ಸೆರೆಯಾಳುಗಳಿದ್ದಾರೆ ಎಂದು ತೋರಿಸುವ ಗುರುತು ಇರುತ್ತಿರಲಿಲ್ಲ. 1943ರ ಜನವರಿ 26ರಂದು ಅಮೆರಿಕದ ಜಲಾಂತರ್ಗಾಮಿಯೊಂದು ಮುಳುಗಿಸಿದ ಬುಯೊ ಮಾರು ಎಂಬ ಹಡಗಿನಲ್ಲಿ 491 ಭಾರತೀಯ ಸೆರೆಯಾಳುಗಳಿದ್ದರು, ಅವರಲ್ಲಿ 195 ಮಂದಿ ಸತ್ತರು. ದ್ವೀಪ ತಲುಪಿದವರು ಹಸಿವು, ಬೆರಿಬೆರಿ, ಮಲೇರಿಯಾ, ಹೊಡೆತ ಮತ್ತು ತಮ್ಮದೇ ಪಕ್ಷದ ವಿಮಾನಗಳ ಬಾಂಬುಗಳ ನಡುವೆ ಕರಗಿಹೋದರು.

ನಮ್ಮವರು ಯಾವ ದಾರಿಯಲ್ಲಿ ಹೋದರು? ರಂಗೂನಿನ ಮಾತು ನಿಜವಾಗಿದ್ದರೆ ಅದು ಮೊದಲ ದಾರಿಗೆ ಹೊಂದುತ್ತಿತ್ತು, ಏಕೆಂದರೆ ನೇತಾಜಿ 1944ರ ಜನವರಿಯಲ್ಲಿ ತಮ್ಮ ಮುಖ್ಯ ಕೇಂದ್ರವನ್ನು ರಂಗೂನಿಗೆ ಸಾಗಿಸಿದ್ದರು. ಫೌಜಿಗೆ ಸಂಬಂಧಿಸಿದ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಾನು ಅಲ್ಲಿ ಆರು ದಿನ ಕೂತು, ಕೈಗೆ ಸಿಕ್ಕ ಪಟ್ಟಿಗಳನ್ನೆಲ್ಲ ಬೆರಳಿಟ್ಟು ಓದಿದೆ. ನಮ್ಮವರ ಹೆಸರು ಸಿಗಲಿಲ್ಲ. ಜಿನೀವಾದ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಬಳಿ ಎರಡನೆಯ ಮಹಾಯುದ್ಧದ ಸೆರೆಯಾಳುಗಳ ಚೀಟಿಗಳ ದೊಡ್ಡ ಸಂಗ್ರಹವಿದೆ. ವರ್ಷದ ಕೆಲವು ನಿಗದಿತ ದಿನಗಳಲ್ಲಿ ಮಾತ್ರ ಸೀಮಿತ ಸಂಖ್ಯೆಯ ಅರ್ಜಿಗಳನ್ನು ತೆಗೆದುಕೊಳ್ಳುತ್ತಾರೆ. ಎರಡು ಸಲ ಹೊತ್ತು ತಪ್ಪಿ, ಮೂರನೆಯ ಸಲ ಅರ್ಜಿ ಹೋಯಿತು. ತಿಂಗಳುಗಳ ನಂತರ ಬಂದ ಉತ್ತರದಲ್ಲಿ ಈ ಹೆಸರಿನ ಮಾಹಿತಿ ಇಲ್ಲವೆಂದಿತ್ತು. ಇದರಿಂದ ಅವರು ಸೆರೆಯಲ್ಲಿರಲಿಲ್ಲ ಎಂದು ಹೇಳಲಾಗದು. 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿರಲಿಲ್ಲ, ಸೆರೆಯಾಳುಗಳ ಹೆಸರುಗಳನ್ನು ಕಳಿಸುವುದರಲ್ಲಿ ಅದು ಬಹಳ ಹಿಂದೆ ಬಿದ್ದಿತ್ತು.

ಆ ದಿನಾಂಕದ ಬಗ್ಗೆಯೂ ಒಂದು ಮಾತು ಹೇಳಬೇಕು, ಹುಡುಕುವ ಬೇರೆ ಮನೆಗಳವರಿಗೆ ಅದು ಬೇಕಾಗುತ್ತದೆ. ಆಯೋಗಕ್ಕೆ ಹೆಸರು, ದಿನಾಂಕಗಳನ್ನು ಕೊಟ್ಟವರು ಆಗಿನ ಸೇನಾ ಅಧಿಕಾರಿಗಳು. ಜೊತೆಯಲ್ಲಿದ್ದವನೊಬ್ಬ ಬದುಕಿ ಬಂದು ಸಾಕ್ಷಿ ಹೇಳಿದ್ದರೆ ದಿನಾಂಕ ನಿಖರವಾಗಿರುತ್ತದೆ. ಯಾರೂ ಬರದಿದ್ದರೆ ಕಡತ ಮುಚ್ಚಬೇಕಾದ ಗುಮಾಸ್ತ ಒಂದು ದಿನವನ್ನು ಆರಿಸಿಕೊಳ್ಳುತ್ತಾನೆ. ಸಿಂಗಪುರದಲ್ಲಿ ಕಾಣೆಯಾದ ಎಷ್ಟೋ ಜನರ ಹೆಸರಿನ ಮುಂದೆ ಶರಣಾಗತಿಯ ದಿನವೇ ಮರಣದ ದಿನವಾಗಿ ನಿಂತಿದೆ. ನಮ್ಮವರ ದಿನಾಂಕ ಇವೆರಡರಲ್ಲಿ ಯಾವ ಬಗೆಯದೆಂದು ತೋರಿಸುವ ಕಾಗದ ನನ್ನ ಕೈಗೆ ಬಂದಿಲ್ಲ.

ಕಳೆದ ವರ್ಷ ಸಿಂಗಪುರಕ್ಕೆ ಹೋದೆ. ಅವ್ವನ ಮಂಡಿ ಆ ಪ್ರಯಾಣಕ್ಕೆ ಒಗ್ಗುತ್ತಿರಲಿಲ್ಲ. ಕ್ರಾಂಜಿ ಯುದ್ಧ ಸ್ಮಶಾನ ನಗರದ ಉತ್ತರಕ್ಕೆ ಸುಮಾರು 22 ಕಿಲೋಮೀಟರ್ ದೂರದಲ್ಲಿ, ಒಂದು ದಿಬ್ಬದ ಮೇಲಿದೆ. ಇಳಿಜಾರಿನ ಹುಲ್ಲಿನಲ್ಲಿ ಸಾಲುಸಾಲು ಸಮಾಧಿ ಕಲ್ಲುಗಳು; ಅವುಗಳಲ್ಲಿ 850ಕ್ಕೂ ಹೆಚ್ಚು ಕಲ್ಲುಗಳ ಕೆಳಗಿರುವವರು ಯಾರೆಂದು ಗೊತ್ತಿಲ್ಲ. ದಿಬ್ಬದ ನೆತ್ತಿಯಲ್ಲಿ ಸಿಂಗಪುರ ಸ್ಮಾರಕ. 1957ರ ಮಾರ್ಚ್ 2ರಂದು ಅನಾವರಣಗೊಂಡ ಅದರ ಅಗಲವಾದ ಕಂಬಗಳ ಮೇಲೆ, ಸಮಾಧಿಯೇ ಇಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಧರ್ಮದ ಪದ್ಧತಿಯಂತೆ ದಹನವಾದವರಿಗಾಗಿ ಹಿಂಬದಿಯಲ್ಲಿ ಪ್ರತ್ಯೇಕ ಸ್ಮಾರಕವೂ ಇದೆ, ಅದರಲ್ಲಿರುವ ಸುಮಾರು 800 ಹೆಸರುಗಳಲ್ಲಿ ಹೆಚ್ಚಿನವು ಭಾರತೀಯರವು. ಅಲ್ಲಿ ಹೆಸರಿದ್ದಿದ್ದರೆ ಯಾರೋ ಒಬ್ಬರು ಚಿತೆಗೆ ಬೆಂಕಿ ಕೊಟ್ಟರು ಎಂದಾದರೂ ತಿಳಿಯುತ್ತಿತ್ತು. ಮೊದಲು ಅಲ್ಲಿಗೇ ಹೋಗಿ, ಇಲ್ಲವೆಂದು ಗೊತ್ತಿದ್ದರೂ ಪೂರ್ತಿ ಓದಿದೆ.

ನಮ್ಮವರ ಹೆಸರು ಕಂಬದಲ್ಲಿ ನನ್ನ ತಲೆಗಿಂತ ಎರಡು ಮೊಳ ಮೇಲಿತ್ತು. ಕೈಯೆತ್ತಿದರೂ ಎಟುಕಲಿಲ್ಲ. ಮಧ್ಯಾಹ್ನದ ಬೆಳಕಿನಲ್ಲಿ ಕೊರೆದ ಅಕ್ಷರಗಳು ಕಲ್ಲಿನಲ್ಲೇ ಕರಗಿದಂತಿದ್ದು ಫೋಟೋದಲ್ಲಿ ಮೂಡುತ್ತಿರಲಿಲ್ಲ. ಅಲ್ಲಿಯೇ ಕೂತು ನಾಲ್ಕೂವರೆಯವರೆಗೆ ಕಾದೆ. ಬಿಸಿಲು ಓರೆಯಾದಾಗ ಅಕ್ಷರಗಳ ಒಂದು ಅಂಚಿಗೆ ನೆರಳು ತುಂಬಿ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಹೆಸರುಗಳು ಒಂದೊಂದಾಗಿ ಎದ್ದು ಬಂದವು. ಅದೇ ಪಲ್ಟನ್ನಿನವರು, ನಮ್ಮ ಕಡೆಯ ಹೆಸರುಗಳೇ, ಒಂದರ ಕೆಳಗೊಂದು. ಅಷ್ಟು ಜನ ಜೊತೆಗಾರರ ನಡುವೆ ಅವರ ಹೆಸರನ್ನು ನೋಡಿದಾಗ ನನಗೆ ಮೊದಲ ಸಲ ಅಳು ಬಂತು.

ಸಂಜೆ ಅವ್ವನಿಗೆ ವಿಡಿಯೋ ಕರೆ ಮಾಡಿ ಕಂಬ ತೋರಿಸಿದೆ. 'ಅಲ್ಲೇ ಇದಾನಾ ಅವನು?' ಎಂದು ಕೇಳಿದಳು. 'ಇಲ್ಲ ಅವ್ವ, ಹೆಸರು ಮಾತ್ರ ಇದೆ. ದೇಹ ಎಲ್ಲಿ ಹೋಯ್ತು ಅಂತ ಯಾರಿಗೂ ಗೊತ್ತಿಲ್ಲ' ಎಂದೆ. ರಂಗೂನಿನ ವಿಷಯ ಕೇಳಿದಳು. ಅದು ನಿಜವೆನ್ನಲು ಒಂದು ಕಾಗದವೂ ಸಿಗಲಿಲ್ಲ, ಸುಳ್ಳೆನ್ನಲೂ ಸಿಗಲಿಲ್ಲ; ಅವರು ಸೆರೆಯಲ್ಲಿದ್ದು ತೀರಿಕೊಂಡರೆಂದು ಸೈನ್ಯ ಬರೆದಿದೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ತಾರೀಕು ಗುಮಾಸ್ತ ಬರೆದಿದ್ದು ಇರಬೌದು ಅಂತೀಯ. ನಮಗೆ ಅದು ಬ್ಯಾಡ, ಮಹಾಲಯ ಅಮಾವಾಸ್ಯೆ ಸಾಕು' ಎಂದಳು. ಆ ವರ್ಷದ ಅಮಾವಾಸ್ಯೆಯಂದು ಅಜ್ಜಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಬಿತ್ತು. ಬಿಟ್ಟುಹೋದ ಅಕ್ಷರವನ್ನು ಸೇರಿಸಿ ಹೆಸರು ಸರಿಪಡಿಸಬೇಕೆಂದು ದಾಖಲೆಗಳ ಸಮೇತ ಆಯೋಗಕ್ಕೆ ಅರ್ಜಿ ಕಳಿಸಿದ್ದೇನೆ, ಅದಿನ್ನೂ ಇತ್ಯರ್ಥವಾಗಿಲ್ಲ.

ಆಯೋಗದ ಪಟ್ಟಿಯ ನಮೂದಿನಲ್ಲಿ ತಂದೆಯ ಹೆಸರಿನ ನಂತರ ಇನ್ನೂ ಮೂರು ಪದಗಳಿದ್ದವು. ಇಂಥವರ ಗಂಡ ಎಂದು ಬರೆದು ಹೆಂಡತಿಯ ಹೆಸರು ಕೊಟ್ಟಿದ್ದರು, ಒಂದಕ್ಷರವೂ ತಪ್ಪಿಲ್ಲದೆ. ಆ ಪುಟವನ್ನು ಅಚ್ಚು ಹಾಕಿಸಿಕೊಂಡು ಆಕೆಯ ತವರೂರಿಗೆ ಹೋದೆ. ಆಕೆ ತೀರಿಕೊಂಡು ಮೂವತ್ತು ವರ್ಷ ಮೇಲಾಗಿದೆ. ಮನೆಯಲ್ಲಿ ಆಕೆಯ ಅಣ್ಣನ ಮಗ ಇದ್ದರು, ಎಪ್ಪತ್ತು ದಾಟಿದವರು. ಅವರನ್ನು ಸಾಕಿದ್ದು ಆ ಅತ್ತೆಯೇ. ವಿಷಯ ಪೂರ್ತಿ ಹೇಳಿ ಕಾಗದ ಕೊಟ್ಟೆ. ಅವರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಮಾತ್ರ ಬರುತ್ತಿತ್ತು. ಜಗಲಿಯ ಮೇಲೆ ಬೆಳಕಿಗೆ ತಿರುಗಿ ಕೂತು, ಬೆರಳಿಟ್ಟು, ಉಳಿದದ್ದನ್ನೆಲ್ಲ ಬಿಟ್ಟು, ಅತ್ತೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಆಮೇಲೆ ಒಳಗಿದ್ದ ಸೊಸೆಯನ್ನು ಕರೆದು, ಅದನ್ನು ಇನ್ನೊಮ್ಮೆ ಓದಿಸಿದರು.